ಮರಳಿನ ಅಂಚಿನಲ್ಲಿ ಶಮ್ಸಾ

ಕೆಟ್ಟ ಲಾರಿಯಿಂದ ಕಿತ್ತ ಬ್ರೇಕ್ ಟ್ಯಾಂಕು,
ಹಳೇ ಏಸಿಯ ಕಂಪ್ರೆಸರ್, ಒಂದು ಬೆಲ್ಟು.
ಪಿಕಪ್ಪಿನ ಬೆನ್ನಿಗೆ ಬಿಗಿದು
ಸಾಬೂನಿನ ನೊರೆ ಬಳಿಯುತ್ತಾಳೆ ಶಮ್ಸಾ
ಒಂದೊಂದೇ ಸಂದಿಗೆ.
ಮೂರನೆಯದರಲ್ಲಿ ಗುಳ್ಳೆ ಎದ್ದಿತು.
‘ಕಳ್ಳ ನೀನೇನಾ’ ಎಂದು
ಸ್ಪ್ಯಾನರ್ ತಿರುವಿದಳು.

ಗಾಳಿಗೂ ಯಾರಾದರೂ ದುಡ್ಡು ಕೊಡುತ್ತಾರೆಯೇ,
ನಕ್ಕಿದ್ದ ಅಣ್ಣ ಖಲ್ಫಾನ್
ಬೆಳಿಗ್ಗೆ ದಿಬ್ಬಗಳಾಚೆ ಹೊರಟಾಗ,
ಒಂಟೆಯ ಪಾದದ ಹಾಗೆ ಅಗಲವಾಗಲಿ ಎಂದು
ನಾಲ್ಕೂ ಟಯರಿನ ಉಸಿರು ಇಳಿಸುತ್ತ.

ಸಂಜೆ ಬಂದ.
ಬಿದಿಯ್ಯಾ ದಾಟಿದರೆ ಮಸ್ಕತ್‌ವರೆಗೂ ಬರೀ ಡಾಂಬರು.
ಟಯರು ಚಪ್ಪಟೆ, ಮುಖವೂ.

ಅವಳು ಪೈಪು ಸಿಕ್ಕಿಸಿದಳು.
ಮುಳ್ಳು ಹದಿನೈದರಿಂದ ಮೂವತ್ತೈದಕ್ಕೆ
ಹತ್ತುವಷ್ಟು ಹೊತ್ತು, ನಾಲ್ಕು ಸಲ,
ಇಬ್ಬರೂ ಅದನ್ನೇ ನೋಡಿದರು.

‘ಎಷ್ಟು?’
‘ಅರ್ಧ ರಿಯಾಲ್.
ಅಣ್ಣನಿಗೆ ಒಂದು.’