ಅರ್ಧ ಬಾಯಿಯ ಸಾಕ್ಷಿ

ಕುಶಾಲನಗರದಲ್ಲಿ ಎಡದವಡೆಯ ಎರಡು ಹಲ್ಲು ಕೀಳಿಸಿಕೊಂಡು
ಹತ್ತಿಯುಂಡೆ ಕಚ್ಚಿ ಹೊರಬಂದೆ.
ಡಾಕ್ಟರು ಹೇಳಿದ್ದರು: ಮೆತ್ತಗಿನದು ತಿನ್ನಿ,
ಬಿಸಿ ಬೇಡ, ಮಾತು ಬೇಡ.
ಮಾತಿಗೆ ಯಾರಿದ್ದರು?
ಬಸ್ಸಿಗೆ ಇನ್ನೂ ಒಂದೂಮುಕ್ಕಾಲು ಗಂಟೆ.

ಬಸ್‌ಸ್ಟ್ಯಾಂಡಿನೆದುರು ಹೊಸ ಕೆಂಪು ಬೋರ್ಡು,
ತಾನೇ ತೆರೆಯುವ ಗಾಜಿನ ಬಾಗಿಲು.
ಗೋಡೆಯ ಪಟದಲ್ಲಿ ಎಲ್ಲಕ್ಕಿಂತ ಅಗ್ಗದ್ದು
ಕೊನೆಯ ಸಾಲಿನಲ್ಲಿತ್ತು, ಚಿತ್ರ ಕೂಡ ಚಿಕ್ಕದು:
ಹಾಟ್ ಡಾಗ್, ಸಾದಾ, ತೊಂಬತ್ತೊಂಬತ್ತು.

ಇಪ್ಪತ್ತಾರು ವರ್ಷ ವಿರಾಜಪೇಟೆಯಲ್ಲಿ ಹಂದಿ ಮಾರಿದವಳು ನಾನು.
ಭಾನುವಾರ ಇಗರ್ಜಿ ಬಿಡುವ ಹೊತ್ತಿಗೆ
ತೊಡೆ ಬೇರೆ, ಪಕ್ಕೆ ಬೇರೆ, ಚರ್ಮ ಕಚ್ಚಿದ ಕೊಬ್ಬು ಬೇರೆ.
ಕೈಯೇ ತಕ್ಕಡಿ ನನಗೆ;
ತೂಕಕ್ಕೆ ಯಾರೂ ಜಗಳ ತೆಗೆದದ್ದಿಲ್ಲ,
ನಿವೃತ್ತ ಬೆಳ್ಯಪ್ಪ ಮೇಷ್ಟ್ರೊಬ್ಬರನ್ನು ಬಿಟ್ಟು.

ಕೌಂಟರಿನ ಹಿಂದೆ ಕೆಂಪು ಟೋಪಿಯ ಹುಡುಗಿ.
"ವೆಲ್ಕಮ್ ಮ್ಯಾಮ್, ಕಾಂಬೋ ಮಾಡ್ಲಾ?"
ಯಾರಿಗೆ ಹೇಳಿದಳೆಂದು ಹಿಂದೆ ತಿರುಗಿ ನೋಡಿದೆ.
ಆಮೇಲೆ ಅವಳನ್ನು ನೋಡಿದೆ.
ನಮ್ಮ ಬೊಳಕನ ಮಗಳು! ಅಮ್ಮತ್ತಿ ಲೈನುಮನೆಯ ಮಿನಿ.
ಶನಿವಾರ ನಸುಕಿಗೆ ಹಂದಿ ಸುಡಲು ಬರುವ ಅಪ್ಪನ ಹಿಂದೆ
ಒಣಗಿದ ತೆಂಗಿನ ಗರಿ ಎಳೆದು ತರುತ್ತಿದ್ದವಳು,
ಮೂಗಿನ ತುದಿಗೆ ಬೂದಿ ಮೆತ್ತಿಕೊಂಡವಳು.
ಈಗ ಎದೆಯ ಮೇಲೆ ಹೆಸರಿನ ಬಿಲ್ಲೆ.
ನನ್ನ ಗುರುತು ಹತ್ತಿತೋ ಇಲ್ಲವೋ
ಟೋಪಿಯ ಅಂಚು ಬಿಟ್ಟುಕೊಡಲಿಲ್ಲ.

ಬೆರಳಲ್ಲಿ ತೋರಿಸಿದೆ. ತೊದಲಿ ಕೇಳಿದೆ: ಹಂದೀದಾ?
"ಕೋಳೀದು ಮ್ಯಾಮ್."
ಹೆಸರು ನಾಯಿಯದು, ಒಳಗೆ ಕೋಳಿ, ಕೇಳಿದವಳು ಹಂದಿಯವಳು.
ನಗು ಬಂತು, ಅರ್ಧ ಬಾಯಿಗಷ್ಟೇ ಬಂತು;
ಇನ್ನರ್ಧ ಇಂಜೆಕ್ಷನ್ನಿನಲ್ಲಿ ಮಲಗಿತ್ತು.
ಬಿಸಿ ಬೇಡ ಅಂದಿದ್ದರಲ್ಲ ಡಾಕ್ಟರು,
ಇದಕ್ಕೆ ಹೆಸರಲ್ಲೇ ಬಿಸಿ.
ಆರಲಿ ಎಂದು ಕಾದೆ.

ಉದ್ದ ಬನ್ನಿನ ಸೀಳಿನಲ್ಲಿ ನುಣ್ಣಗೆ ಒರಗಿತ್ತು,
ಮೇಲೊಂದು ಹಳದಿ ಗೀರು, ಅಷ್ಟೇ.
ಮೆಣಸಿಲ್ಲ, ಕಾಚಂಪುಳಿಯ ಕಪ್ಪಿಲ್ಲ, ಬೆರಳಿಗಂಟುವ ನೆಣವಿಲ್ಲ.
ಕಚ್ಚಲು ಹೋದರೆ ಬಾಯಿ ತೆರೆಯದು,
ಕೆಳದುಟಿ ಎಲ್ಲಿಗೆ ಮುಗಿಯುತ್ತದೋ ತಿಳಿಯದು.
ಹಳದಿ ಹೋಗಿ ಕೊರಳಿನ ಶಿಲುಬೆಗೆ ತಾಗಿತು.

ಮೇಜು ಒರೆಸುವ ನೆಪದಲ್ಲಿ ಬಂದಳು ಮಿನಿ.
"ಸೆವ್ರಿನಕ್ಕ, ಹಲ್ಲು ಕೀಳ್ಸಿದ್ರಾ?"
ಮ್ಯಾನೇಜರಿನ ಕಡೆ ಬೆನ್ನು ಮಾಡಿ
ಏಪ್ರನ್ನಿನಿಂದ ಬಿಳಿ ಪ್ಲಾಸ್ಟಿಕ್ ಚಾಕು ತೆಗೆದು
ಬೆರಳಗಲ, ಬೆರಳಗಲ, ಕೊಯ್ದಿಟ್ಟಳು.
ಮೊಂಡು ಚಾಕು. ಆದರೂ ಒಂದೊಂದಕ್ಕೆ ಒಂದೇ ಎಳೆತ,
ಹಿಂದುಮುಂದು ಉಜ್ಜಾಟವಿಲ್ಲ.
ಅಪ್ಪನದೇ ಮಣಿಕಟ್ಟು!
ಹೇಳಬೇಕೆಂದೆ. ನಾಲಗೆ ದಪ್ಪಗಿತ್ತು.
ಅಷ್ಟರಲ್ಲಿ ಯಾರೋ ಕರೆದರು,
ಅವಳು ಮತ್ತೆ ಮ್ಯಾಮ್ ಅನ್ನಲು ಹೋದಳು.

ಬಲಗೆನ್ನೆ ನುಡಿದ ಸಾಕ್ಷಿ ಇಷ್ಟು:
ಉಪ್ಪು, ಒಂಚೂರು ಹೊಗೆ, ಬನ್ನಿನ ಸಿಹಿ.
ಮೂಳೆಯೊಂದು ಇದ್ದ ನೆನಪೇ ಇಲ್ಲದ ಮಾಂಸ;
ಯಾವ ಭಾಗದ್ದು ಎಂದರೆ ಉತ್ತರವಿಲ್ಲ.
ನನ್ನ ಅಂಗಡಿಯಲ್ಲಿಟ್ಟರೆ ಬೆಕ್ಕೂ ಮೂಸದು.
ಒಂದು ತುಂಡೂ ಉಳಿಸಲಿಲ್ಲ ನಾನು.

ಬಸ್ಸು ಗುಡ್ಡೆಹೊಸೂರು ದಾಟಿತು, ಕೆನ್ನೆ ಇನ್ನೂ ಮರ.
ನೆಲ್ಯಹುದಿಕೇರಿ ಕಳೆದು ಹೊಳೆಯ ಸೇತುವೆ ಮೇಲೆ
ಗದ್ದಕ್ಕೆ ಇರುವೆ ಹರಿದವು.
ಸಿದ್ದಾಪುರಕ್ಕೆ ನೋವು ಹತ್ತಿತು,
ಪಕ್ಕದವಳ ಬುಟ್ಟಿಯ ಹುಂಜ ನನ್ನನ್ನೇ ನೋಡುತ್ತಿತ್ತು.
ಅಮ್ಮತ್ತಿ ಬರುವಾಗ, ಎಲ್ಲಿತ್ತೋ ಇಷ್ಟು ಹೊತ್ತು,
ಎಡಗಡೆಯಿಂದ ಎದ್ದು ಬಂತು ಸಾಸಿವೆಯ ಖಾರ,
ಮೂಗಿನವರೆಗೆ, ಕಣ್ಣಿನವರೆಗೆ.

ಬಿಲ್ಲು ಪರ್ಸಿನಲ್ಲೇ ಇದೆ. ನಾಳೆ ಶನಿವಾರ,
ಬೊಳಕ ಬಂದಾಗ ತೋರಿಸಬೇಕು:
ತೊಂಬತ್ತೊಂಬತ್ತು, ಅದರ ಮೇಲೆ ತೆರಿಗೆ.
ಕೊಯ್ದ ಕೂಲಿ ಹಾಕಿಲ್ಲ.