ಗ್ರಿಮ್ಸ್‌ಬಿಯಲ್ಲಿ ರುಕಿ ನದಿ

ಹ್ಯಾಡಕ್ ಮೀನಿನ ಮುಳ್ಳು ಕೀಳುವ ಉಕ್ಕಿನ ಮೇಜು.
ಬೆಳಗಿನ ಜಾವ ನಾಲ್ಕು. ಹಂಬರ್ ಕಡೆಯಿಂದ ಗಾಳಿ.
ಬೊಲುಂಬು ಕೈಗವಸು ಕಳಚಿ,
ಇಲ್ಲಿ ಕೂಡದು ಅಂದರೂ ತಂದ ಚಹಾದಲ್ಲಿ
ಬೆರಳದ್ದಿ ಗೆರೆ ಎಳೆದಳು.

ಇದು ಬುಸಿರಾ. ಇದು ಮೊಂಬೋಯೋ.
ಕೂಡಿದರೆ ರುಕಿ. ನಮ್ಮದು. ಕಪ್ಪು.
ಎಷ್ಟು ಕಪ್ಪು?
ಮೊಣಕೈವರೆಗೆ ಇಳಿಬಿಟ್ಟರೆ
ಬೆರಳು ನಿನ್ನದೋ ನದಿಯದೋ ತಿಳಿಯದು.

ಎಷ್ಟೋ ತಲೆಮಾರಿನ ತರಗೆಲೆ
ನಿಂತ ನೀರಲ್ಲಿ ನೆನೆದು ನೆನೆದು...
ಓ, ಡಿಕಾಕ್ಷನ್ನು! ಅಂದೆ.
ಹಿತ್ತಾಳೆ ಫಿಲ್ಟರು, ತೊಟ್ಟಿಕ್ಕುವ ಸದ್ದು
ಕೈಯಲ್ಲೇ ಮಾಡಿ ತೋರಿಸಿದೆ.
ನಕ್ಕಳು. ಅದೇ, ಅದೇ,
ಆದರೆ ಫಿಲ್ಟರು ಇಂಗ್ಲೆಂಡಿಗಿಂತ ದೊಡ್ಡದು.

ಆಮೇಲೆ ಮೇಜಿನ ಅಂಚಿಗೆ ದೊಡ್ಡ ಹೊಳೆ:
ಭೂಮಧ್ಯರೇಖೆಯನ್ನು ಎರಡು ಸಲ ದಾಟುತ್ತದಂತೆ,
ಆಚೆ ಮಳೆ ನಿಂತಾಗ ಈಚೆ ಹಿಡಿಯುತ್ತದಂತೆ,
ಅದಕ್ಕೇ ಸೊರಗುವುದಿಲ್ಲವಂತೆ.
ಎಂಬಂಡಾಕದ ದಡದಲ್ಲಿ
ಕಪ್ಪು ನೀರು, ಕಂದು ನೀರು
ಜಗಳವಾಡಿದ ಓರಗಿತ್ತಿಯರ ಹಾಗೆ
ಪಕ್ಕಪಕ್ಕದಲ್ಲೇ, ಮಾತಿಲ್ಲದೆ, ಬಹಳ ದೂರ.

ಇನ್ನೊಂದು ಹೊಳೆಯ ಹೆಸರು ಮರೆತಳು.
ಕಣ್ಣು ಮುಚ್ಚಿ ಹುಡುಕಿದಳು;
ಅವಳ ಅಮ್ಮ ಹುಟ್ಟಿದ್ದು ಅದರ ದಡದಲ್ಲೇ.
ಅಷ್ಟರಲ್ಲಿ ಗಂಟೆ. ಡೀನ್ ಪೈಪು ಹಿಡಿದು ಬಂದ,
ಮೇಜು, ನೆಲ, ಎಲ್ಲ ತೊಳೆದ.
ಐಸಿನ ಚೂರು, ಪೊರೆ, ಚಹಾ
ಚರಂಡಿ ಹಿಡಿದು ಉತ್ತರ ಸಮುದ್ರಕ್ಕೆ.

ಏಳೂಕಾಲಿಗೆ ಬಸ್‌ಸ್ಟಾಪಿನಲ್ಲಿ
ಇದ್ದಕ್ಕಿದ್ದಂತೆ ನನ್ನ ತೋಳು ಹಿಡಿದಳು:
ಸಲೋಂಗಾ.

ಬಸ್ಸು ಬಂತು.
ಮೀನಿನ ವಾಸನೆಗೆ
ಯಾರೂ ನಮ್ಮ ಹತ್ತಿರ ಕೂರಲಿಲ್ಲ.