ಮೂರು ನಿಮಿಷ, ಹನ್ನೆರಡು ಸೆಕೆಂಡು

ಆರೂ ನಲವತ್ತಕ್ಕೆ ಮೊದಲ ಹೊಡೆತ.
ಯಲಹಂಕದಾಚೆ ಇನ್ನೂ ಮಂಜು ಬಿಟ್ಟಿರಲಿಲ್ಲ,
ತಲೆಯ ಮೇಲೆ ವಿಮಾನವೊಂದು ಬರೀ ಸದ್ದಾಗಿ ಹಾದುಹೋಯಿತು.
ಇಪ್ಪತ್ತೆಂಟು ಜನ ನಾವು, ಲಸ್ರಾದೋ ಬಳಗ.
ಹಲ್ಲಿನ ಡಾಕ್ಟರು ಲಸ್ರಾದೋ ತೀರಿಕೊಂಡು ಹನ್ನೊಂದು ವರ್ಷ,
ಅವರ ಹೆಸರಿನ ಬೆಳ್ಳಿ ಕಪ್
ತಿಂಡಿಯ ಮೇಜಿನ ಮೇಲೆ ಇಡ್ಲಿಯ ಹಬೆಗೆ ಬೆವರುತ್ತಿತ್ತು.

ನಮ್ಮಲ್ಲಿ ಯಾರೂ ದೊಡ್ಡ ಆಟಗಾರರಲ್ಲ.
ಚಿಕ್ಕಪೇಟೆಯ ಜರಿ ವ್ಯಾಪಾರಿ ಪ್ರೇಮನಾಥ ಶೆಟ್ಟರು
ಚೌಕಾಸಿಗೆ ನಿಂತವರಂತೆ ಚೆಂಡನ್ನು ದಿಟ್ಟಿಸುತ್ತಾರೆ.
ಹೆಡ್‌ಮಿಸ್ಟ್ರೆಸ್ ಫಿರ್ದೋಸ್, ಮರಕ್ಕೆ ಬಡಿದರೆ ಮರವನ್ನೇ ಗದರುತ್ತಾರೆ.
ನಾನು ಆಡಿಟರು. ವಾರವೆಲ್ಲ
ಪರರ ಲೆಕ್ಕಕ್ಕೆ ಹಸಿರು ಶಾಯಿಯ ಸಹಿ,
ಭಾನುವಾರವೂ ಅದೇ ಹಣೆಬರಹ:
ಈ ಆಟದಲ್ಲಿ ನಿನ್ನ ಚೀಟಿ ನೀನು ಬರೆಯುವಂತಿಲ್ಲ,
ನಿನ್ನ ತಪ್ಪೆಲ್ಲ ಇನ್ನೊಬ್ಬರ ಪೆನ್ಸಿಲಿನಲ್ಲಿ.

ನನ್ನ ಪೆನ್ಸಿಲಿಗೆ ಸಿಕ್ಕವರು ಮುದ್ದಯ್ಯನವರು.
ಎಪ್ಪತ್ತೊಂದು. ಎಡಮಂಡಿ ಮಾತ್ರ ಹೊಸದು, ಹೋದ ಯುಗಾದಿಯದು.
ಇಷ್ಟು ವರ್ಷದಲ್ಲಿ ಗೆದ್ದದ್ದು ಒಂದು ಟವೆಲ್ಲು.
ಇವತ್ತು ಏನೋ ಆಗಿತ್ತು.
ಹತ್ತು ಕುಳಿ ಮುಗಿಯುವಾಗ
ನಾಲ್ಕು, ನಾಲ್ಕು, ಐದು, ಮೂರು, ನಾಲ್ಕು ಅಂತ
ಪ್ರಾರ್ಥನೆಗೆ ನಿಂತ ಮಕ್ಕಳ ಹಾಗೆ ಅಂಕಿಗಳು ಸಾಲು ಹಿಡಿದಿದ್ದವು.
ಯಾರೂ ಮಾತೆತ್ತಲಿಲ್ಲ. ಮಾತೆತ್ತಿದರೆ ದೃಷ್ಟಿ.

ಹನ್ನೊಂದರಲ್ಲಿ ಚೆಂಡು ಬಲಕ್ಕೆ ವಾಲಿ
ಆಕಾಶಮಲ್ಲಿಗೆ ಮರಗಳ ಕೆಳಗೆ ಇಳಿಯಿತು.
ನವೆಂಬರು. ಇರುಳೆಲ್ಲ ಉದುರಿದ ಹೂ.
ಬೆಳ್ಳಗಿನ ನೆಲದಲ್ಲಿ ಬೆಳ್ಳಗಿನದೊಂದನ್ನು
ಹುಡುಕುವುದು ಹೇಗೆ?

ನಿಯಮಕ್ಕೆ ಹೂವಿನ ಕಾಲ ಗೊತ್ತಿಲ್ಲ. ಮೂರು ನಿಮಿಷ.
ನಾನು ವಾಚಿನ ಗುಂಡಿ ಒತ್ತಿದೆ.
ಕ್ಯಾಡಿ ಮುನಿಯಲ್ಲಪ್ಪ ಅಂಗಾಲಿನಲ್ಲಿ ಸವರುತ್ತ ಹೋದ,
ಶೆಟ್ಟರು, ಎದುರಾಳಿಯೇ ಆದರೂ, ಸೊಂಟ ಹಿಡಿದು ಬಗ್ಗಿದರು,
ನಾನು ಮಂಡಿಯೂರಿದೆ.
ಆ ಘಮ!
ಮಲ್ಲೇಶ್ವರದ ಸ್ಟೇಷನ್ನಿನ ಕಲ್ಲುಬೆಂಚಿನಲ್ಲಿ
ಅಮ್ಮ ಇದರ ಉದ್ದುದ್ದ ತೊಟ್ಟುಗಳನ್ನು ಒಂದಕ್ಕೊಂದು ಹೆಣೆದು
ದಾರವೇ ಇಲ್ಲದೆ ಮಾಲೆ ಮಾಡುತ್ತಿದ್ದಳು.
ಒಂದು ಗಳಿಗೆ ಚೆಂಡು ಮರೆತೆ.

"ಸಿಕ್ತು ಸಾರ್!"
ಮುದ್ದಯ್ಯ ಚೆಂಡು ನೋಡಲಿಲ್ಲ, ನನ್ನ ಮುಖ ನೋಡಿದರು.
"ಎಷ್ಟಾಯ್ತಮ್ಮ?"
"ಮೂರು ನಿಮಿಷ, ಹನ್ನೆರಡು ಸೆಕೆಂಡು."
"ಎಲ್ಲಾಯ್ತು ಮೇಡಂ, ಈಗ ತಾನೇ ಬಂದ್ವಿ," ಎಂದ ಮುನಿಯಲ್ಲಪ್ಪ.
ಶೆಟ್ಟರು ಕೆಮ್ಮಿದರು.
ಮುದ್ದಯ್ಯ ಟೋಪಿ ತೆಗೆದು, ಮತ್ತೆ ಹಾಕಿಕೊಂಡು,
ಇನ್ನೂರ ಹತ್ತು ಗಜ ಹಿಂದಕ್ಕೆ ನಡೆದರು,
ಎಡಗಾಲನ್ನು ಬಾಡಿಗೆಗೆ ತಂದವರಂತೆ
ಜೋಪಾನವಾಗಿ ಇಡುತ್ತ.
ಹಿಂದಿನ ಗುಂಪು ದಾರಿ ಬಿಟ್ಟು ನಿಂತಿತು.
ಎರಡನೆಯ ಚೆಂಡು ನೆಟ್ಟಗೆ ಹೋಯಿತು.
ಆರು ಎಂದು ಬರೆದೆ.

ಬಿಸಿಬೇಳೆಬಾತು, ಬೂಂದಿ, ಮೈಕಿನ ಕಿರ್ರ್.
ಒಂದೇ ಹೊಡೆತದಲ್ಲಿ ಕಪ್ ಶೆಟ್ಟರಿಗೆ.
ಫೋಟೋಗೆ ಅದನ್ನು ಎತ್ತಿ ಹಿಡಿಯಲಿಲ್ಲ ಅವರು,
ಕಂಕುಳಲ್ಲಿ ಸಿಕ್ಕಿಸಿಕೊಂಡರು, ಬಟ್ಟೆಯ ತಾನಿನ ಹಾಗೆ.
ಎರಡನೆಯವರಿಗೆ ಒಂದು ಛತ್ರಿ.
ಕಾರುಗಳ ಬಳಿ ಸೋನೆ ಹಿಡಿದಿತ್ತು, ಮುದ್ದಯ್ಯ
ಬೆಲೆಚೀಟಿ ಕೀಳದ ಛತ್ರಿ ಬಿಚ್ಚಿ ನನ್ನ ತಲೆಗೆ ಹಿಡಿದು,
"ಮುಂದಿನ ವರ್ಷಕ್ಕೆ ನಿಮಗೊಂದು ವಾಚು ಕೊಡಿಸ್ತೇನೆ,
ಸ್ವಲ್ಪ ಸೋಮಾರಿಯದು," ಎಂದು ನಕ್ಕರು.
ನಗು ನಿಜದ್ದೇ. ಅದೇ ಕಷ್ಟ.

ರಾತ್ರಿ ಹಿತ್ತಲಲ್ಲಿ ಬೂಟು ಕೆರೆಯುತ್ತ ಕೂತೆ.
ಮುಳ್ಳುಗಳ ನಡುವೆ ಹೂ ಸಿಕ್ಕಿಕೊಂಡಿದೆ,
ಕಂದಾಗಿದೆ, ಘಮ ಹೋಗಿಲ್ಲ.
ಗುಂಡಿ ಒತ್ತಿದ್ದು ಯಾವಾಗ ನಾನು?
ಮೊದಲ ಬೆನ್ನು ಬಾಗಿದಾಗಲೋ,
ಬರೀ ನೆರಳಿನ ಅಂಚಿಗೆ ಕಾಲಿಟ್ಟಾಗಲೋ?
ನಡುವೆ ಹದಿನೈದು ಹೆಜ್ಜೆ.

ಚೀಟಿಗೆ ಸಹಿ ಬಿದ್ದಾಗಿದೆ.
ಆದರೂ ವರಾಂಡದಲ್ಲಿ ವಾಚು ಹಿಡಿದು
ಹದಿನೈದು ಹೆಜ್ಜೆ ನಡೆದೆ. ಹನ್ನೊಂದು ಸೆಕೆಂಡು.
ಇನ್ನೊಮ್ಮೆ ನಡೆದೆ, ಮೆಲ್ಲಗೆ,
ಮಂಡಿ ಹೊಸದಾದವರ ಹಾಗೆ.